ಅಳತೆ ರವಿಕೆಯ ಎಡ ಕಂಕುಳು

ನಮ್ಮ ಮನೆಯ ಹೆಂಗಸರ ಎಡಗೈಗೆ ಯಾವ ದೋಷವೂ ಇರಲಿಲ್ಲ. ನಾಗದೋಷವಿರಲಿಲ್ಲ, ಬಾಗಿಲಿನ ದೋಷವಿರಲಿಲ್ಲ, ರಕ್ತದಲ್ಲಿ ಬಂದದ್ದೂ ಅಲ್ಲ. ರವಿಕೆ ಬಿಗಿ ಇತ್ತು, ಅಷ್ಟೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಬಳಗದಲ್ಲಿ ಈ ಕಥೆಯನ್ನು ಬೇರೆ ಥರ ಹೇಳುವವರು ಇನ್ನೂ ಇದ್ದಾರೆ. ದೇವರು ಕಣ್ಣು ಬಿಟ್ಟ ಅನ್ನುತ್ತಾರೆ. ದೇವರಿಗೆ ಆಗ ಯುದ್ಧದ ಕೆಲಸವೇ ಕೈತುಂಬ ಇತ್ತು. ಕಣ್ಣು ಬಿಟ್ಟವಳು ನಾನು.

ಮೊನ್ನೆ ಮೊಮ್ಮಗಳು ಸಿಂಧು ಕೈಚೀಲ ಹಿಡಿದುಕೊಂಡು ನನ್ನ ಮಂಚದ ಮುಂದೆ ಬಂದು ನಿಂತಳು. ಮನೆಯಲ್ಲಿ ಮದುವೆ ಇದೆ, ಎಲ್ಲರಿಗೂ ಅವಸರ.

"ಅಜ್ಜಿ, ನಿಮ್ಮದೊಂದು ಅಳತೆ ಬ್ಲೌಸ್ ಕೊಡಿ. ಇಂದಿರಾನಗರಕ್ಕೆ ಟೈಲರ್ ಹತ್ರ ಹೋಗ್ತಿದೀನಿ. ನಿಮಗೂ ಒಂದು ಹೊಲಿಯೋಕೆ ಹಾಕ್ಬಿಡ್ತೀನಿ."

"ನಾನು ಅಳತೆ ರವಿಕೆ ಕೊಡಲ್ಲ."

"ಯಾಕಜ್ಜಿ? ಎಲ್ರೂ ಕೊಡ್ತಾರೆ."

"ಎಲ್ರೂ ಕೊಡ್ತಾರೆ ಅಂತಲೇ ಕೊಡಲ್ಲ."

ಅವಳು ನಕ್ಕಳು. ಮುದುಕಿಗೆ ಮದುವೆ ಮನೆಯಲ್ಲೂ ಹಟ ಅಂದುಕೊಂಡಿರಬೇಕು. ನಾನು ಅವಳ ಕೈಯಿಂದಲೇ ಮಂಚದ ಕೆಳಗಿನ ಟ್ರಂಕು ಎಳೆಸಿ, ತಳದಲ್ಲಿದ್ದ ಲಕೋಟೆ ತೆಗೆಸಿದೆ. ಮುಚ್ಚಳ ತೆಗೆದ ಕೂಡಲೇ ನುಸಿಗುಳಿಗೆಯ ವಾಸನೆ ಮೂಗಿಗೆ ಹೊಡೆಯಿತು. ಅದರ ಹಿಂದೆ ಇನ್ನೊಂದು ವಾಸನೆ ಇತ್ತು, ಹಳೇ ಕಾಗದದ್ದು, ಸ್ವಲ್ಪ ಸಿಹಿ, ಸ್ವಲ್ಪ ಮುಗ್ಗಲು. ಆ ಕಾಗದ ಈರುಳ್ಳಿ ಸಿಪ್ಪೆಯಷ್ಟು ತೆಳು, ಬಣ್ಣವೂ ಹಾಗೇ. ಸಿಂಧು ಬಿಡಿಸಲು ಹೋದಳು. "ಮೆತ್ತಗೆ ಕಣೆ, ಅದು ನಿಮ್ಮಪ್ಪನಿಗಿಂತ ದೊಡ್ಡದು" ಅಂದೆ.

ನೀವೂ ಕೂತುಕೊಳ್ಳಿ. ಕಾಫಿ ಬೇಕಾದರೆ ಒಳಗೆ ಡಿಕಾಕ್ಷನ್ ಇದೆ, ಮಾಡಿಕೊಳ್ಳಿ. ನಾನು ಏಳುವುದಿಲ್ಲ, ಮಂಡಿನೋವು.

ನನ್ನ ತವರು ಕೆ.ಆರ್. ಪುರ. ಮದುವೆಯಾಗಿ ಬಂದದ್ದು ಹಲಸೂರಿಗೆ. ನಾಲ್ಕನೇ ಕ್ಲಾಸಿಗೆ ನನ್ನ ಓದು ಮುಗಿದಿತ್ತು, ಮುಗಿದದ್ದಕ್ಕೆ ನಾನೇನೂ ಅಳಲಿಲ್ಲ. ಗಂಡನ ಮನೆಯಲ್ಲಿ ಹಸು ಕಟ್ಟಿದ್ದರು. ಕುಕ್ ಟೌನಿನ ಬಂಗಲೆಗಳಿಗೆ ನಮ್ಮದೇ ಹಾಲು. ಮಾವನವರು ತೀರಿಕೊಂಡಿದ್ದರು, ಯಜಮಾನರು ಮಾತು ಕಡಿಮೆಯ ಮನುಷ್ಯ, ಹಸುಗಳ ಜೊತೆ ಎರಡು ಮಾತು ಹೆಚ್ಚು ಆಡುತ್ತಿದ್ದರು. ಆಳ್ವಿಕೆಯೆಲ್ಲ ನಮ್ಮತ್ತೆಯದು. ಕೊನೇ ನಾದಿನಿ ಸರೋಜ, ನನಗಿಂತ ಸ್ವಲ್ಪ ಚಿಕ್ಕವಳು, ಮಿಡ್ಲ್ ಸ್ಕೂಲು ಓದಿದವಳು. ಹೊರಗೆ ಎರಡನೇ ಮಹಾಯುದ್ಧದ ಕಾಲ. ದಂಡಿನ, ಅಂದರೆ ಕಂಟೋನ್ಮೆಂಟಿನ, ರಸ್ತೆಗಳ ತುಂಬ ಸೋಲ್ಜರುಗಳ ಲಾರಿ. ಬಟ್ಟೆಗೆ ಕಂಟ್ರೋಲು. ಒಂದು ಗಜ ಒಳ್ಳೆ ಬಟ್ಟೆ ಸಿಕ್ಕಿದರೆ ಅದನ್ನು ನೆಂಟರಿಗೆ ತೋರಿಸುತ್ತಿದ್ದೆವು.

ಆಗ ಮರ್ಯಾದಸ್ಥ ಮನೆಯ ಹೆಂಗಸರು ದರ್ಜಿಯ ಅಂಗಡಿಗೆ ಹೋಗುತ್ತಿರಲಿಲ್ಲ. ಪರಗಂಡಸು ಮೈಮೇಲೆ ಟೇಪು ಹಿಡಿಯುವುದು ಅಂದರೇನು? ಅದಕ್ಕೆ ಪ್ರತಿ ಮನೆಯಲ್ಲೂ ಒಂದು ಅಳತೆ ರವಿಕೆ. ಮನೆಯ ಗಂಡಸು ಅದನ್ನು ಹೊಸ ಬಟ್ಟೆಯ ಜೊತೆ ಸುತ್ತಿಕೊಂಡು ಹೋಗಿ ಕೊಡುವುದು, ದರ್ಜಿ ಅದನ್ನು ನೋಡಿಕೊಂಡು ಹೊಲಿಯುವುದು. ನಮ್ಮ ಮನೆಯದು ಅತ್ತೆಯ ಹಳೇ ರವಿಕೆ, ಮುಂದೆ ಗಂಟು ಹಾಕುವಂಥದ್ದು. ಅದನ್ನು ಯಾರೂ ತೊಡುತ್ತಿರಲಿಲ್ಲ. ಬ್ಲಾಕ್‌ಪಲ್ಲಿಗೆ ಹೋಗಿ ಬರುವುದೇ ಅದರ ಉದ್ಯೋಗ. ಈಗ ಶಿವಾಜಿನಗರ ಅನ್ನುತ್ತೀರಲ್ಲ, ಅಲ್ಲಿಗೆ. ಎಲ್ಲ ಹೆಂಗಸರಿಗೂ ಅದೇ ಒಂದು ಅಳತೆ. "ಸೊಸೆಗೆ ಎರಡು ಬೆರಳು ಕಮ್ಮಿ, ಸರೋಜನಿಗೆ ಮೂರು ಬೆರಳು ಕಮ್ಮಿ" ಎಂದು ಯಜಮಾನರು ಬಾಯಲ್ಲಿ ಹೇಳಿ ಬರುತ್ತಿದ್ದರು. ಯಾರ ಬೆರಳು ಅಂತ ದರ್ಜಿಯೂ ಕೇಳಲಿಲ್ಲ, ಇವರೂ ಹೇಳಲಿಲ್ಲ.

ಇನ್ನು ಕೈಯ ವಿಷಯ. ಆ ಮನೆಯ ಹೆಂಗಸರಿಗೆ ಎಡಗೈ ಭುಜದ ಮಟ್ಟಕ್ಕಿಂತ ಮೇಲೇಳುತ್ತಿರಲಿಲ್ಲ. ಅತ್ತೆಗೆ ಇಲ್ಲ, ನಾದಿನಿಯರಿಗೆ ಇಲ್ಲ. ಸರೋಜ ಅತ್ತೆಯ ಹೊಟ್ಟೆಯಲ್ಲಿದ್ದ ವರ್ಷ ಕೊಟ್ಟಿಗೆ ಕಟ್ಟಲು ಒಂದು ಕಲ್ಲು ಸರಿಸಿದ್ದರಂತೆ. ಅದು ನಾಗರಕಲ್ಲೇ ಇರಬೇಕು ಎಂದು ಅತ್ತೆ ತೀರ್ಮಾನ ಮಾಡಿದ್ದರು. ಹರಕೆ ಹೊತ್ತರು, ಎಣ್ಣೆ ತಿಕ್ಕಿಸಿದರು, ಬೂದಿ ಕಟ್ಟಿಸಿದರು. ಯಾರೋ ಬಾಗಿಲು ಸರಿಯಿಲ್ಲ ಅಂದರೆಂದು ಮುಂಬಾಗಿಲನ್ನೇ ಚೌಕಟ್ಟು ಸಮೇತ ಕಿತ್ತು ಒಂದು ಮಾರು ಪಕ್ಕಕ್ಕೆ ಇಡಿಸಿದ್ದರು. ಹಳೇ ಬಾಗಿಲಿನ ಜಾಗದಲ್ಲಿ ಗೋಡೆಯ ಬಣ್ಣ ಬೇರೆಯಾಗಿ ಕಾಣುತ್ತಿತ್ತು. ಹೊಸಬರು ಕತ್ತಲಲ್ಲಿ ಬಂದರೆ ಗೋಡೆಗೆ ಹಣೆ ಜಜ್ಜಿಕೊಳ್ಳುತ್ತಿದ್ದರು.

ನಾನು ಎರಡು ಒಳ್ಳೇ ಕೈ ತಗೊಂಡು ಆ ಮನೆಗೆ ಕಾಲಿಟ್ಟವಳು. ತವರಿನ ರವಿಕೆಗಳು ಹರಿಯುವವರೆಗೆ ಎಲ್ಲ ಸರಿಯಿತ್ತು. ಆಮೇಲೆ ಮನೆಯ ಅಳತೆಯಲ್ಲಿ ಹೊಲಿದದ್ದು ಬಂತು, ನನ್ನ ಕೈಯೂ ಹಿಡಿದುಕೊಂಡಿತು. ಒಂದು ದಿನ ನಾಗಂದಿಗೆಯ ಮೇಲಿನ ಉಪ್ಪಿನ ಜಾಡಿ ಇಳಿಸಲು ಹೋಗಿ ಅರ್ಧಕ್ಕೇ ನಿಂತೆ. ಅತ್ತೆ ನೋಡಿದರು. ಅವರ ಮುಖದಲ್ಲಿ ಆ ಥರದ ಸಂತೋಷ ನಾನು ಮದುವೆ ದಿನವೂ ಕಂಡಿರಲಿಲ್ಲ.

"ಬಂತಾ? ನಿನಗೂ ಬಂತಾ? ಈಗ ನೋಡು ನೀನು ನಮ್ಮನೆಯವಳಾದೆ!"

ಹಿರೇ ನಾದಿನಿಯನ್ನು ದೊಡ್ಡಬಳ್ಳಾಪುರಕ್ಕೆ ಕೊಟ್ಟಿದ್ದರು. ಅಲ್ಲಿಗೆ ಹೋದ ಮೇಲೆ ಅವಳ ಕೈ ಸರಿಯಾಯಿತು. ದೋಷ ಈ ಮನೆಯ ಹೊಸಿಲಿನದು ಅನ್ನುವುದಕ್ಕೆ ಅದೇ ಸಾಕ್ಷಿ ಅಂದರು ಅತ್ತೆ. ಅಲ್ಲಿ ಅವಳಿಗೆ ಬೇರೆ ದರ್ಜಿ ಹೊಲಿಯುತ್ತಾನೆ ಅನ್ನುವುದು ಯಾರ ತಲೆಗೂ ಹೋಗಲಿಲ್ಲ. ನನ್ನ ತಲೆಗೂ ಹೋಗಲಿಲ್ಲ, ಸುಳ್ಳು ಯಾಕೆ ಹೇಳಲಿ.

ನೀವು ಕೇಳಬಹುದು, ಬಚ್ಚಲಲ್ಲಿ ರವಿಕೆ ಇರುತ್ತಿರಲಿಲ್ಲವಲ್ಲ, ಆಗ ಗೊತ್ತಾಗಲಿಲ್ಲವಾ ಎಂದು. ಸಿಂಧುವೂ ಅದನ್ನೇ ಕೇಳಿದಳು. ಗೂಟಕ್ಕೆ ಕಟ್ಟಿ ಅಭ್ಯಾಸವಾದ ಕರುವನ್ನು ಒಂದು ದಿನ ಬಿಚ್ಚಿ ಬಿಟ್ಟು ನೋಡಿ. ಹಗ್ಗ ಇದ್ದಷ್ಟೇ ದೂರ ಹೋಗಿ ನಿಂತುಕೊಳ್ಳುತ್ತದೆ. ಕೈಯೂ ಹಾಗೆ.

ಸರೋಜನಿಗೆ ನರ್ಸ್ ಆಗಬೇಕೆಂಬ ಆಸೆ. ಯಾಕೆ ಅಂತ ನಾನು ಕೇಳಲಿಲ್ಲ. ಗಂಡುಮಕ್ಕಳು ಮಿಲಿಟರಿಗೆ ಸೇರುತ್ತೇನೆ ಅಂದಾಗ ಯಾರಾದರೂ ಕಾರಣ ಕೇಳುತ್ತಾರಾ? ದಂಡಿನ ಕಡೆಯ ಹೆರಿಗೆ ಆಸ್ಪತ್ರೆಯಲ್ಲಿ ಹುಡುಗಿಯರನ್ನು ತರಬೇತಿಗೆ ತೆಗೆದುಕೊಳ್ಳುತ್ತಿದ್ದರು. ಯಜಮಾನರು ಹೂಂ ಅಂದುಬಿಟ್ಟಿದ್ದರು. ಅವರು ಏನಕ್ಕಾದರೂ ಹೂಂ ಅಂದರೆ ಮನೆಯಲ್ಲಿ ಅದೊಂದು ಸಮಾಚಾರ. ಸರೋಜ ಹೋಗಿ ಸಾಲಿನಲ್ಲಿ ನಿಂತಳು. ಓದಿಸಿದರು, ಬರೆಸಿದರು, ಎಲ್ಲ ಆಯಿತು. ಕೊನೆಗೆ ಮೇಟ್ರನಮ್ಮ ಎಲ್ಲರಿಗೂ ಎರಡು ಕೈ ಮೇಲೆತ್ತಿ ಅಂದರಂತೆ. ಇವಳ ಬಲಗೈ ಮೇಲೆ ಹೋಯಿತು, ಎಡಗೈ ಭುಜದ ಹತ್ತಿರ ನಿಂತುಕೊಂಡಿತು.

"ಮೇಲಿನ ಕಪಾಟಿಂದ ಟ್ರೇ ಇಳಿಸಬೇಕು, ರೋಗಿನ ಎತ್ತಿ ಹಿಡೀಬೇಕು. ಒಂದು ಕೈಲಿ ಆಗಲ್ಲಮ್ಮ. ಕೈ ಸರಿ ಮಾಡ್ಕೊಂಡು ಹಬ್ಬ ಕಳೆದ ಮೇಲೆ ಬಾ. ಆಗಲೂ ಹೀಗೇ ಇದ್ರೆ ಬರಬೇಡ."

ಅತ್ತೆಗೆ ಇದು ಹಬ್ಬಕ್ಕೆ ಮುಂಚೆಯೇ ಬಂದ ಹಬ್ಬ. ಹೊಸಕೋಟೆ ಕಡೆಯ ಒಂದು ಸಂಬಂಧ ಅವರ ಸೆರಗಿನ ತುದಿಯಲ್ಲಿ ಕಾದು ಕೂತಿತ್ತು. ಎರಡನೇ ಸಂಬಂಧ, ಹೆಂಡತಿ ತೀರಿಹೋಗಿದ್ದಳು, ಮಕ್ಕಳಿದ್ದವು, ಮೀಸೆ ನರೆತಿತ್ತು. ಕೈಯ ವಿಷಯ ಮುಚ್ಚಿಡದೆ ಹೇಳಿದ್ದಕ್ಕೆ ಆ ಕಡೆಯ ಹಿರಿಯರು, "ಮುದ್ದೆ ತಿರುವೋಕೆ ಎರಡು ಕೈ ಬೇಕು ನಿಜ, ಆದ್ರೆ ತಲೆ ಮೇಲೆ ಎತ್ತಿ ತಿರುವಬೇಕಾಗಿಲ್ವಲ್ಲ" ಎಂದು ನಕ್ಕಿದ್ದರಂತೆ. ಅತ್ತೆ ಆ ಮಾತನ್ನು ದೊಡ್ಡ ಔದಾರ್ಯ ಎಂಬಂತೆ ಬೀದಿಗೆಲ್ಲ ಹೇಳಿಕೊಂಡು ಬಂದರು.

"ಆಸ್ಪತ್ರೆಯೋರು ಇನ್ನೊಂದು ಸಲ ಬೇಡ ಅನ್ನಲಿ, ಮಾರನೇ ದಿನವೇ ವೀಳ್ಯ ಕಳಿಸ್ತೀನಿ" ಅಂದರು. ಸರೋಜ ಎದ್ದಳು. ಹೋಗಿ ಹಸುವಿಗೆ ಬೂಸಾ ಕಲಸಿದಳು. ಅವತ್ತು ಕಲಸಿದ್ದು ಎಷ್ಟು ಹೊತ್ತು ಅಂದರೆ, ಹಸುವೇ ಬೇಸತ್ತು ಕೂಗಿತು.

ನನಗೊಂದು ಕೈಮೆಷಿನ್ನಿತ್ತು. ದಂಡಿನಲ್ಲಿ ಸೋಲ್ಜರುಗಳ ಬಟ್ಟೆ ಹೊಲಿಯುವ ಶೆಡ್ಡಿನಲ್ಲಿದ್ದ ನನ್ನ ಸೋದರಮಾವ ಮದುವೆಗೆ ಕೊಟ್ಟದ್ದು. ಅತ್ತೆಗೆ ಅದು ಕಣ್ಣುರಿ. "ದರ್ಜಿಯವರ ಮನೆಯಾ ಇದು?" ಅನ್ನುತ್ತಿದ್ದರು. ಆಯುಧಪೂಜೆ ದಿನ ಕುಂಕುಮ ಇಡಿಸಿ ಮುಚ್ಚಿಡಿಸುತ್ತಿದ್ದರು. ದಿಂಬಿನ ಚೀಲ, ಹಿಂಡಿಯ ಚೀಲ ಹೊಲಿಯಲು ಮಾತ್ರ ಅಪ್ಪಣೆ. ಆದ್ದರಿಂದ ನನಗೆ ನೇರ ಹೊಲಿಗೆ ಚೆನ್ನಾಗಿ ಬರುತ್ತಿತ್ತು. ಹೆಂಗಸಿನ ಮೈ ಮಾತ್ರ ಚೀಲದ ಹಾಗೆ ನೇರ ಇರುವುದಿಲ್ಲ, ಅದೇ ತೊಂದರೆ.

ಕಾಗದ ಬಂದದ್ದು ಕುಕ್ ಟೌನಿನಿಂದ. ಹಾಲು ಹಾಕುವ ಒಂದು ಬಂಗಲೆಯಲ್ಲಿ ಫ್ಲೋರಾ ಮಿಸ್ಸಮ್ಮ ಅಂತ ಇದ್ದರು, ಆಂಗ್ಲೋ ಇಂಡಿಯನ್ನು. ತಮಿಳು, ಇಂಗ್ಲಿಷು, ಕನ್ನಡ ಮೂರನ್ನೂ ಒಂದೇ ಪಾತ್ರೆಯಲ್ಲಿ ಹಾಕಿ ಕಲಸುವ ಬಾಯಿ. ಅವರ ವರಾಂಡದಲ್ಲಿ ಕಸಕ್ಕೆ ಹಾಕಲು ಇಟ್ಟಿದ್ದ ಸಾಮಾನಿನ ಮೇಲೆ ಈ ಲಕೋಟೆ ಬಿದ್ದಿತ್ತು. ಮೇಲೆ ಒಬ್ಬ ಬಿಳೀ ಹೆಂಗಸಿನ ಚಿತ್ರ. ಬೊಂಬೆಯ ಹಾಗೆ ನಿಂತು ಒಂದು ಕೈ ಎತ್ತಿ ಟೋಪಿ ಹಿಡಿದುಕೊಂಡಿದ್ದಾಳೆ. ಎಡಗೈ! ನನ್ನ ಕಣ್ಣು ಅಲ್ಲಿಗೇ ಹೋಯಿತು. ಕೈ ಅಷ್ಟು ಮೇಲಿದ್ದರೂ ಅವಳ ಬ್ಲೌಸು ಸೊಂಟದಲ್ಲಿ ಒಂದಿಷ್ಟೂ ಮೇಲೇಳದೆ ಹಾಗೇ ಕೂತಿದೆ.

"ಇದೇನು ಮಿಸ್ಸಮ್ಮ?"

"ಪ್ಯಾಟ್ರನ್ ಮಾ. ಕಾಗದ ಬಟ್ಟೆ ಮೇಲೆ ಇಡ್, ಕಟ್ ಮಾಡ್, ಸ್ಟಿಚ್ ಮಾಡ್, ಮುಗೀತು. ನೀ ಎತ್ಕೊಂಡ್ ಹೋಗು. ನಾನ್ ಈಗ ಗುಂಡಾಯ್ಟೇನ್, ಇದ್ರಲ್ಲಿ ನನ್ ಒಂದು ತೊಡೆನೂ ಹೋಗಲ್ಲ!"

ಹಾಲಿನ ಕ್ಯಾನಿನ ಜೊತೆ ಅದನ್ನೂ ಮನೆಗೆ ತಂದೆ. ಮಧ್ಯಾಹ್ನ ಅತ್ತೆ ಮಲಗಿದ ಮೇಲೆ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಬಿಡಿಸಿ ನೆಲದ ಮೇಲೆ ಹಾಸಿದೆ. ತುಂಡು ತುಂಡು ಕಾಗದ. ಬೆನ್ನು ಯಾವುದು, ತೋಳು ಯಾವುದು ಅಂತ ತಿರುಗಿಸಿ ತಿರುಗಿಸಿ ನೋಡಿ, ಯಜಮಾನರ ಒಂದು ಹಳೇ ಪಂಚೆಯ ಮೇಲಿಟ್ಟು ಕತ್ತರಿಸಿಯೇಬಿಟ್ಟೆ. ಕತ್ತರಿಸಿ ಎತ್ತಿ ಹಿಡಿದರೆ ಅರ್ಧ ಬೆನ್ನು. ಅರ್ಧ ಹೆಂಗಸಿಗೆ ರವಿಕೆ! ಬಿಳೀ ಹೆಂಗಸರು ಇಷ್ಟು ಕಿರಿದಾಗಿರುತ್ತಾರಾ ಎಂದು ನನಗೆ ಒಂದು ಗಳಿಗೆ ನಿಜವಾಗಿಯೂ ಅನುಮಾನ ಬಂತು. ಮಿಸ್ಸಮ್ಮನನ್ನು ನೆನಪಿಸಿಕೊಂಡೆ, ಇಲ್ಲ, ಇರಲಾರರು ಅನಿಸಿತು.

ಸರೋಜ ಬಂದಳು. ಕಾಗದದ ಅಂಚಿನಲ್ಲಿ ಏನೋ ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಅಕ್ಷರ ಕೂಡಿಸಿ ಕೂಡಿಸಿ ಓದಿದಳು.

"ಅತ್ತಿಗೆ, ಫೋಲ್ಡ್ ಅಂತ ಇದೆ. ಫೋಲ್ಡ್ ಅಂದ್ರೆ ಮಡಿಸೋದು."

"ಕಾಗದ ಮಡಿಸಬೇಕಾ?"

"ಇಲ್ಲ... ಈ ಅಂಚನ್ನ ಮಡಿಕೆ ಮೇಲೆ ಇಡಬೇಕಂತೆ. ಬಟ್ಟೆನ ಮಡಿಸೋದು ಅನ್ಸತ್ತೆ."

ಬಟ್ಟೆಯನ್ನು ಎರಡಾಗಿ ಮಡಿಸಿ, ಮಡಿಕೆಗೆ ಕಾಗದದ ಅಂಚು ಕೂಡಿಸಿ, ಕತ್ತರಿಸಿ ಬಿಡಿಸಿದೆ. ಇಡೀ ಬೆನ್ನು ಎದ್ದು ಬಂತು. ಬಲ ಹೇಗೋ ಎಡವೂ ಹಾಗೆ, ಒಂದು ನೂಲು ವ್ಯತ್ಯಾಸವಿಲ್ಲ. ಅದನ್ನು ಮಡಿಸುವುದು, ಬಿಡಿಸುವುದು, ಮತ್ತೆ ಮಡಿಸುವುದು, ಹೀಗೆ ಚಿಕ್ಕ ಹುಡುಗಿಯ ಹಾಗೆ ಆಡಿದೆ. ಆಮೇಲೆ, ಎಷ್ಟು ದೊಡ್ಡದಾಗುತ್ತದೋ ನೋಡೋಣ ಎಂದು ಪೆಟ್ಟಿಗೆಯಿಂದ ಮನೆಯ ಅಳತೆ ರವಿಕೆ ತಂದು, ಅದನ್ನೂ ನಡು ಮಧ್ಯಕ್ಕೆ ಮಡಿಸಿ ಪಕ್ಕದಲ್ಲಿಟ್ಟೆ.

ಅದು ಮಡಿಕೆಗೆ ಕೂರಲಿಲ್ಲ. ಬಲ ಕಂಕುಳು ಒಂದು ಕಡೆ, ಎಡ ಕಂಕುಳು ಇನ್ನೊಂದು ಕಡೆ. ಮತ್ತೆ ಮಡಿಸಿದೆ, ಮತ್ತೆ ಅದೇ. ಕಾಗದವನ್ನು ಮೇಲಿಟ್ಟು ನೋಡಿದರೆ ಬಲಭಾಗ ಅಗಲ ಜಾಸ್ತಿಯಾದರೂ ಕಂಕುಳ ತಿರುವು ಸರಿಯಾಗಿಯೇ ಇದೆ, ಎಡಭಾಗದಲ್ಲಿ ಒಂದು ಹಿಡಿ ಬಟ್ಟೆ ಮಾಯ. ಒಳಮಗ್ಗುಲು ತಿರುವಿದೆ. ಎಡ ಕಂಕುಳಲ್ಲಿ ಬಟ್ಟೆಯನ್ನು ಒಳಕ್ಕೆ ಎಳೆದು ದಪ್ಪ ದಾರದಲ್ಲಿ ಕೈಹೊಲಿಗೆ ಹಾಕಿ ಬಿಗಿದಿದ್ದಾರೆ. ನಾನು ತೊಟ್ಟಿದ್ದ ರವಿಕೆಯ ಕಂಕುಳಿಗೆ ಬೆರಳು ತೂರಿಸಿ ನೋಡಿಕೊಂಡೆ. ಅದೇ ಜಾಗದಲ್ಲಿ ಅದೇ ಮಡಿಕೆ, ಅಚ್ಚುಕಟ್ಟಾದ ಮೆಷಿನ್ ಹೊಲಿಗೆಯಲ್ಲಿ. ಸರೋಜನ ಕಂಕುಳಿಗೂ ಕೈ ಹಾಕಿದೆ. ಅವಳು ಕಚಗುಳಿಯಾಗಿ ಕಿರುಚಿದಳು. ಅಲ್ಲೂ ಇತ್ತು.

ಕಿರುಚಿದ್ದಕ್ಕೆ ಅತ್ತೆ ಎದ್ದು ಬಂದರು. ನಾನು ಬಳಸಿ ಮಾತಾಡುವವಳಲ್ಲ. ರವಿಕೆಯನ್ನು ಒಳಮಗ್ಗುಲು ಮೇಲೆ ಮಾಡಿ ಅವರ ಮುಖದ ಮುಂದೆ ಹಿಡಿದೆ.

"ಅತ್ತೆ, ಈ ಹೊಲಿಗೆ ಯಾರು ಹಾಕಿದ್ದು?"

"ನಾನೇ ಹಾಕಿದ್ದು. ಸರೋಜ ಹೊಟ್ಟೇಲಿದ್ಲು. ಹುಲ್ಲಿನ ಹೊರೆ ಇಳಿಸೋವಾಗ ಪರ್ರಂತ ಹರೀತು. ಒಳಕ್ಕೆ ಮಡಿಸಿ ಬಿಗಿದೆ. ನೋಡು, ಇವತ್ತಿನವರೆಗೂ ಒಂದು ದಾರ ಸಡಿಲ ಆಗಿಲ್ಲ!"

"ಸಡಿಲ ಆಗಿಲ್ಲ ಅಂತಲೇ ನಮ್ಮ ಯಾರ ಕೈಯೂ ಏಳ್ತಿಲ್ಲ. ನಾಗಪ್ಪನೂ ಇಲ್ಲ, ಬಾಗಿಲೂ ಇಲ್ಲ. ಇದೇ ಅತ್ತೆ ನಿಮ್ಮ ದೋಷ."

ಅವರು ರವಿಕೆಯನ್ನು ಕಿತ್ತುಕೊಂಡು, "ನಿನ್ನೆ ಮೊನ್ನೆ ಬಂದೋಳು, ಚೀಲ ಹೊಲಿಯೋಳು, ನನಗೆ ಹೇಳೋಕೆ ಬಂದ್ಲು. ರವಿಕೆಯಿಂದ ಕೈ ಹೋಗತ್ತಾ? ನಾಳೆ ಸೀರೆಯಿಂದ ಕಾಲು ಹೋಯ್ತು ಅಂತೀಯ" ಅಂದರು. ಹೋಗುತ್ತ ಬಾಗಿಲಲ್ಲಿ ನಿಂತು ಒಂದು ಮಾತು ಸೇರಿಸಿದರು: "ನೀನು ಹೊಲಿ. ಹೊಲಿದು ಅವಳ ಕೈ ಎಬ್ಬಿಸು. ಏಳಲಿಲ್ಲವೋ, ಹೊಸಕೋಟೆಗೆ ಇವಳು, ನಿನ್ನ ತವರಿಗೆ ಆ ಮೆಷಿನ್ನು."

ಮಾರನೇ ದಿನ ನಾನೂ ಸರೋಜನೂ ಹಾಲು ಹಾಕಿ ಬರುವಾಗ ದಾರಿ ಬಿಟ್ಟು ಬ್ಲಾಕ್‌ಪಲ್ಲಿಗೆ ಹೋದೆವು. ದರ್ಜಿ ಇಮಾಮ್ ಸಾಬರು ನಮ್ಮ ಮನೆಯ ಹೆಂಗಸರನ್ನು ಒಂದು ದಿನವೂ ನೋಡಿದವರಲ್ಲ. ನಾವು ಇಂಥವರ ಮನೆಯವರು ಎಂದ ಕೂಡಲೇ ಎದ್ದು ನಿಂತು ನೆಲ ನೋಡುತ್ತ ಮಾತಾಡಿದರು.

"ಸಾಬ್ರೇ, ಎಡ ಕಂಕುಳಲ್ಲಿ ಆ ಮಡಿಕೆ ಯಾಕೆ ಹಾಕ್ತೀರಿ?"

"ಯಾಕಮ್ಮಾ, ಸರಿ ಬಂದಿಲ್ವಾ? ನಮೂನಾ ಜೈಸಾ ಥಾ ವೈಸಾಇಚ್ ಸಿಯಾ. ಹೆಂಗೆ ಕೊಟ್ರೋ ಹಂಗೇ ಹೊಲ್ದಿದೀನಿ. ಆ ಮಡಿಕೆ ಹಾಕೋದು ಎಷ್ಟು ತಕ್ಲೀಫ್ ಗೊತ್ತಾ? ಒಂದು ನೂಲು ಆಚೀಚೆ ಹೋಗಿಲ್ಲ, ನೋಡ್ಕೊಳ್ಳಿ."

"ನಿಮಗೆ ಅನುಮಾನ ಬರಲಿಲ್ವಾ?"

"ಬಂತು. ಕೇಳೋದು ಹೆಂಗಮ್ಮಾ? ಜನಾನಾ ಬಟ್ಟೆ. ನಿಮ್ ಮನೇದು ಏನೋ ರಿವಾಜು ಇರ್ಬೇಕು ಅಂದ್ಕೊಂಡೆ. ಒಬ್ಬೊಬ್ರ ಮನೇಲಿ ಒಂದೊಂದು ರಿವಾಜು."

ಬೈಯಬೇಕೆಂದು ಹೋದವಳಿಗೆ ಬೈಗುಳ ಬರಲಿಲ್ಲ. ಆ ಮನುಷ್ಯ ಇಷ್ಟು ವರ್ಷ ನಮ್ಮ ಅತ್ತೆಯ ಒಂದು ಅವಸರದ ತೇಪೆಯನ್ನು ಒಡವೆ ಮಾಡುವವನ ಶ್ರದ್ಧೆಯಿಂದ ಮಾಡಿಕೊಟ್ಟಿದ್ದರು. ನಾನು ಹೊಲಿಯಲು ಹೊರಟಿದ್ದೇನೆ ಎಂದು ಹೇಳಿದೆ. ಬೇಜಾರು ಮಾಡಿಕೊಳ್ಳಲಿಲ್ಲ. ಕಂಕುಳ ತಿರುವಿನಲ್ಲಿ ಹೊಲಿಗೆಯ ಹೊರಗಿನ ಬಟ್ಟೆಗೆ ಕತ್ತರಿಯಿಂದ ಸಣ್ಣ ಸಣ್ಣ ಕಚ್ಚು ಹಾಕಬೇಕು, ಇಲ್ಲದಿದ್ದರೆ ಎಳೆಯುತ್ತದೆ ಎಂದು ಒಂದು ಚೂರು ಬಟ್ಟೆಯ ಮೇಲೆ ಮಾಡಿ ತೋರಿಸಿದರು. ಕಾಗದದಲ್ಲಿ ಅದು ಬರೆದಿತ್ತೋ ಏನೋ, ನಮಗೆ ಓದಲು ಬಂದಿರಲಿಲ್ಲ.

ಸರೋಜನ ಹತ್ತಿರ ಒಂದೇ ಒಂದು ಒಳ್ಳೇ ರವಿಕೆ ಕಣವಿತ್ತು, ಅರಿಶಿನ ಕುಂಕುಮಕ್ಕೆ ಬಂದದ್ದು, ನವಿಲುಕತ್ತಿನ ಬಣ್ಣ. ಕೆಟ್ಟರೆ ಇನ್ನೊಂದು ಸಿಗುವ ಕಾಲವಲ್ಲ. ಕಾಗದದ ಕಾಲರನ್ನು ಪಕ್ಕಕ್ಕಿಟ್ಟೆ, ಸೆರಗಿನ ಕೆಳಗೆ ಕಾಲರಿಗೆ ಏನು ಕೆಲಸ? ಉದ್ದ ತೊಡೆಯವರೆಗೆ ಬರುತ್ತಿತ್ತು. ಕಾಗದವನ್ನು ಕತ್ತರಿಸಲು ಮನಸ್ಸು ಬರದೆ ಸೊಂಟದ ಹತ್ತಿರ ಮಡಿಸಿದೆ. ಆ ಮಡಿಕೆ ಈಗಲೂ ಇದೆ, ಸಿಂಧು ಬೆರಳಾಡಿಸಿ ನೋಡಿದಳು. ತೋಳಿನ ತುಂಡು ತೋಳುಕಂಡಿಗಿಂತ ದೊಡ್ಡದು ಬಂತು. ಅಚ್ಚಿನವನ ತಪ್ಪು ಅಂದುಕೊಂಡು ಹೆಚ್ಚಾದದ್ದನ್ನು ಕತ್ತರಿಸಲು ಕತ್ತರಿ ಎತ್ತಿದ್ದೆ. ಸರೋಜ ಕೈ ಹಿಡಿದಳು. "ಅತ್ತಿಗೆ, ಇಷ್ಟು ಹೊತ್ತು ಕಾಗದ ಸುಳ್ಳು ಹೇಳಿಲ್ಲ." ಸರಿ ಎಂದು ಆ ಹೆಚ್ಚಿನದನ್ನು ಚೂರು ಚೂರೇ ಒಳಗೆ ಸೇರಿಸುತ್ತ ಹೊಲಿದೆ. ಭುಜದ ಮೇಲೆ ತೋಳು ಗುಂಡಗೆ ಕೂತಿತು. ಕೈ ಎತ್ತಲು ಬೇಕಾದ ಜಾಗ ಅಲ್ಲೇ ಇರುವುದು. ಕತ್ತರಿಸಿದ್ದರೆ ನಾನೂ ಒಂದು ಹೊಸ ದೋಷ ಹುಟ್ಟಿಸಿ ಕೂತಿರುತ್ತಿದ್ದೆ.

ತೊಡಿಸಿ, ಕೈ ಎತ್ತು ಅಂದೆ. ಅವಳು ಎತ್ತಿದಳು. ಭುಜದ ಮಟ್ಟಕ್ಕೆ ಬಂದು ನಿಂತಿತು.

ಕಂಕುಳು ಮುಟ್ಟಿ ನೋಡಿದೆ, ಬಟ್ಟೆ ಸಡಿಲವೇ ಇದೆ. ಹಗ್ಗ ಬಿಚ್ಚಿತ್ತು, ಕರು ಮಾತ್ರ ಅಲ್ಲೇ ನಿಂತಿತ್ತು. ಸರೋಜ ಅಳುವುದಕ್ಕೆ ಶುರುಮಾಡಿದಳು. "ಅಳಬೇಡ, ಬೆಲ್ಲ ತಿಂತೀಯಾ?" ಅಂದೆ. ಅವಳಿಗೆ ಬೆಲ್ಲ ಅಂದರೆ ಪ್ರಾಣ. ಬೆಲ್ಲದ ಡಬ್ಬಿಯನ್ನು ಎಡಗಡೆಯ ಭುಜದ ಮಟ್ಟದ ನಾಗಂದಿಗೆಯ ಮೇಲಿಟ್ಟು, "ಎಡಗೈಲಿ ತಗೊಂಡ್ರೆ ನಿಂದು, ಬಲಗೈ ಹಾಕಿದ್ರೆ ಕೈ ಮುರ್ದುಹಾಕ್ತೀನಿ" ಅಂದೆ. ಕೈಗೆ ಸಿಕ್ಕಿದ ಹಾಗೆಲ್ಲ ಡಬ್ಬಿಯ ಕೆಳಗೆ ಒಂದು ಮಣೆ ಸೇರಿಸುತ್ತಿದ್ದೆ. ನನ್ನದೂ ಒಂದು ರವಿಕೆ ಬಿಚ್ಚಿ ಹೊಲಿದುಕೊಂಡು ಅವಳ ಪಕ್ಕದಲ್ಲಿ ನಿಂತು ನಾನೂ ಕೈ ಎತ್ತುತ್ತಿದ್ದೆ. ಅತ್ತೆ ಅಡಿಗೆಮನೆಯಿಂದ ನೋಡಿ, "ಇಬ್ಬರಿಗೂ ಹುಚ್ಚು" ಎಂದು ಹಸುವಿಗೆ ಹೇಳುತ್ತಿದ್ದರು. ಹಬ್ಬ ಬಂದು ಹೋಗುವಷ್ಟರಲ್ಲಿ ಡಬ್ಬಿ ಖಾಲಿಯಾಗಿತ್ತು.

ಆಸ್ಪತ್ರೆಗೆ ನಾನೂ ಹೋದೆ. ಒಳಗೆ ಬಿಡಲಿಲ್ಲ, ಕಿಟಕಿಯ ಹತ್ತಿರ ನಿಂತೆ. ಮೇಟ್ರನಮ್ಮ ಬಂದರು, ಗಟ್ಟಿ ಹೆಂಗಸು, ನಡೆದರೆ ನೆಲಕ್ಕೆ ಗೊತ್ತಾಗುತ್ತಿತ್ತು. ಸರೋಜನ ಹತ್ತಿರ ನಿಂತು, "ಎರಡು ಕೈ" ಅಂದರು.

ನವಿಲುಕತ್ತಿನ ಬಣ್ಣದ ಎರಡು ತೋಳು ಒಟ್ಟಿಗೆ ಎದ್ದವು. ಭುಜ ದಾಟಿದವು, ಕಿವಿ ದಾಟಿದವು, ತಲೆಯ ಮೇಲೆ ಹೋಗಿ ನಿಂತವು. ಸೊಂಟದಲ್ಲಿ ರವಿಕೆ ಒಂದಿಷ್ಟೂ ಮೇಲೇಳಲಿಲ್ಲ. ಲಕೋಟೆಯ ಬಿಳೀ ಹೆಂಗಸಿಗೂ ಇವಳಿಗೂ ಒಂದು ಟೋಪಿಯಷ್ಟೇ ವ್ಯತ್ಯಾಸ. ಮೇಟ್ರನಮ್ಮ ತಲೆಯಾಡಿಸಿ ಮುಂದಿನ ಹುಡುಗಿಯ ಹತ್ತಿರ ಹೋದರು. ರವಿಕೆಯನ್ನು ಕಣ್ಣೆತ್ತಿಯೂ ನೋಡಲಿಲ್ಲ.

ನನ್ನ ಜೀವನದಲ್ಲಿ ನನಗೆ ಅತಿ ಹೆಮ್ಮೆಯಾದ ಗಳಿಗೆ ಅದೇ. ಕೆಟ್ಟ ರವಿಕೆಯಾದರೆ ಲೋಕವೆಲ್ಲ ನೋಡುತ್ತದೆ. ಸರಿಯಾದದ್ದು ಯಾರ ಕಣ್ಣಿಗೂ ಬೀಳದೆ ತನ್ನ ಕೆಲಸ ಮಾಡಿ ಸುಮ್ಮನಿರುತ್ತದೆ. ಕಿಟಕಿಯ ಸರಳು ಹಿಡಿದು ನಾನೊಬ್ಬಳೇ ನೋಡಿದೆ, ಸಾಕಾಯಿತು.

ಸರೋಜ ಆಸ್ಪತ್ರೆಯ ಹಾಸ್ಟೆಲು ಸೇರಿದಳು. ಆಮೇಲೆ ಈ ದಂಡಿನ ಎಷ್ಟು ಕೂಸುಗಳನ್ನು ಆ ಎರಡು ಕೈಯಲ್ಲಿ ಹಿಡಿದುಕೊಂಡಳೋ, ಅವಳೂ ಲೆಕ್ಕ ಇಟ್ಟಿರಲಿಲ್ಲ. ಹೊಸಕೋಟೆಯವರಿಗೆ ಬೇರೆ ಯಾರೋ ಮುದ್ದೆ ತಿರುವಲು ಸಿಕ್ಕಿದರು. ಬೀದಿಯ ಹೆಂಗಸರು ತಮ್ಮ ತಮ್ಮ ಅಳತೆ ರವಿಕೆ ಹಿಡಿದುಕೊಂಡು ನನ್ನ ಮೆಷಿನ್ನಿನ ಮುಂದೆ ಬಂದು ಕೂತರು. "ಅದನ್ನು ಅಲ್ಲೇ ಇಡಿ, ನೀವು ಬನ್ನಿ" ಅನ್ನುತ್ತಿದ್ದೆ. ಒಬ್ಬರ ರವಿಕೆಯಲ್ಲಿ ಕುತ್ತಿಗೆ ಸೊಟ್ಟ, ಇನ್ನೊಬ್ಬರದರಲ್ಲಿ ಒಂದು ತೋಳು ಮೋಟು. ಎಲ್ಲರೂ ತಮ್ಮ ಮೈಯೇ ಹಾಗೆ ಎಂದು ನಂಬಿಕೊಂಡಿದ್ದರು.

ಅತ್ತೆ ಬಹಳ ದಿನ ನನ್ನ ಜೊತೆ ಮಾತು ಬಿಟ್ಟರು. ಕೊನೆಗೊಂದು ಮಧ್ಯಾಹ್ನ ಒಂದು ತುಂಡು ಬಟ್ಟೆ ತಂದು ಮೆಷಿನ್ನಿನ ಮೇಲೆ ಹಾಕಿದರು. ಬಟ್ಟೆಯ ಜೊತೆ ಅಳತೆ ರವಿಕೆ ಇರಲಿಲ್ಲ.

"ಅಳತೆ ಅತ್ತೆ?"

"ಕಣ್ಣಿದೆಯಲ್ಲ ನಿನಗೆ."

ಅವರದು ದೊಡ್ಡ ಮೈ. ಕಾಗದದ ಪಕ್ಕಕ್ಕೆ ನ್ಯೂಸ್ ಪೇಪರು ಜೋಡಿಸಿ ಅಗಲ ಮಾಡಿ ಕತ್ತರಿಸಿದೆ. ತೊಟ್ಟುಕೊಂಡು, ಕನ್ನಡಿ ನೋಡದೆ, ಕೆಲವು ದಿನ ಆ ನಾಗಂದಿಗೆಯ ಹತ್ತಿರ ಗುಟ್ಟಾಗಿ ಕೈ ಎತ್ತಿ ನೋಡಿಕೊಂಡರು; ಆಮೇಲೆ ಒಂದು ದಿನ ನೇರ ಹಿತ್ತಲಿಗೆ ಹೋದರು. ಅಲ್ಲಿ ಎತ್ತರದ ತಂತಿಯ ಮೇಲೆ ಸೀರೆ ಒಣಗುತ್ತಿತ್ತು. ಯಾರೂ ನೋಡುತ್ತಿಲ್ಲ ಅಂದುಕೊಂಡು ಎಡಗೈ ಎತ್ತಿದರು. ನಡುಗುತ್ತ ನಡುಗುತ್ತ ಕೈ ಮೇಲೆ ಹೋಯಿತು, ಬೆರಳ ತುದಿಗೆ ಸೀರೆಯ ಅಂಚು ಸಿಕ್ಕಿತು, ಎಳೆದರು, ಅದು ಅವರ ತಲೆಯ ಮೇಲೇ ಬಿತ್ತು. ಸೀರೆಯೊಳಗಿಂದಲೇ ಕೂಗಿದರು:

"ನೋಡಿದ್ಯೇನೇ! ಬಾಗಿಲು ಸರಿಸಿದ್ದು ಈಗ ಕೆಲಸ ಮಾಡ್ತಿದೆ!"

ಬಳಗದಲ್ಲಿ ಈಗಲೂ ಓಡಾಡುವ ಕಥೆ ಆ ಸೀರೆಯೊಳಗಿಂದ ಹುಟ್ಟಿದ್ದು. ನಾನು ಅವರ ಜೊತೆ ವಾದ ಮಾಡಲಿಲ್ಲ. ಕೈ ಎದ್ದಿತ್ತಲ್ಲ.

ಇಷ್ಟೆಲ್ಲ ಹೇಳಿ ಮುಗಿಸಿ ನಾನು ಸಿಂಧುವಿನ ಮುಂದೆ ಎದೆಯುಬ್ಬಿಸಿ ನಿಂತೆ. "ಈಗ ಗೊತ್ತಾಯ್ತಾ? ಮಡಿಸಿದ್ರೆ ಎರಡು ಕಡೆಯೂ ಒಂದೇ ಸಮ ಇರಬೇಕು. ಈ ಕಾಗದ ಇಡು, ಅದೇ ನನ್ನ ಅಳತೆ." ಅವಳು ಅರ್ಧ ಬೆನ್ನಿನ ಕಾಗದವನ್ನು ಮೆಲ್ಲಗೆ ನನ್ನ ಬೆನ್ನಿಗೆ ಹಿಡಿದಳು. ಬಲಗಡೆ ಹಿಡಿದಳು, ಎಡಗಡೆ ಹಿಡಿದಳು, ಮತ್ತೆ ಬಲಗಡೆ ಹಿಡಿದಳು.

"ಅಜ್ಜಿ, ಬೇಜಾರು ಮಾಡ್ಕೋಬೇಡಿ. ನಿಮ್ಮ ಎಡ ಭುಜ ಕೆಳಗಿದೆ."

"ನೆಟ್ಟಗೆ ಹಿಡಿ."

"ನೆಟ್ಟಗೇ ಹಿಡಿದಿದೀನಿ ಅಜ್ಜಿ. ಒಂದೆರಡು ಬೆರಳು ಇಳಿದಿದೆ."

ಕನ್ನಡಿಯ ಮುಂದೆ ಹೋಗಿ ನೋಡಿದೆ. ಹೌದು. ಮೆಷಿನ್ನಿನ ಹಿಡಿ ತಿರುಗಿಸಿದ್ದು ಬಲಗೈ, ಬಟ್ಟೆಯ ಮೇಲೆ ಬಗ್ಗಿಕೊಂಡಿದ್ದದ್ದು ಎಡಭುಜ. ಅದು ಇಳಿದು ಎಷ್ಟು ಕಾಲವಾಗಿತ್ತೋ. ನನ್ನ ರವಿಕೆಗಳೆಲ್ಲ ಆ ಕಡೆ ಬಿಗಿಯುತ್ತಿದ್ದವು, ನಾನು ವಯಸ್ಸಾಯಿತು ಅಂದುಕೊಂಡು ಆ ಕೈ ಎತ್ತುವುದನ್ನೇ ಬಿಟ್ಟಿದ್ದೆ. ಸೀರೆಯೊಳಗಿಂದ ಅತ್ತೆ ನಕ್ಕ ಹಾಗಾಯಿತು. ನಗಲಿ. ಅವರಿಗೆ ಹೇಳಿದ ಮಾತನ್ನು ನನಗೂ ಹೇಳಿಕೊಳ್ಳಬೇಕಾಯಿತು: ಕೈ ಸರಿಯಿದೆ, ರವಿಕೆ ಸರಿಯಿಲ್ಲ.

ಮಾರನೇ ದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು, ಬಾಗಿಲಲ್ಲಿ ಬಿದ್ದಿದ್ದ ಪೇಪರನ್ನು ತಂದು ನೆಲದ ಮೇಲೆ ಹಾಸಿದೆ. ಅದನ್ನು ಮಡಿಸಲಿಲ್ಲ. ಸಿಂಧುವನ್ನು ಎಬ್ಬಿಸಿ ಬಲಭುಜದ ಅಳತೆ ಬೇರೆ, ಎಡಭುಜದ ಅಳತೆ ಬೇರೆ ತೆಗೆಸಿ, ಬಲಕ್ಕೊಂದು ಎಡಕ್ಕೊಂದು ಕತ್ತರಿಸಿದೆ. ಮಗ ಕಾಫಿ ಲೋಟ ಹಿಡಿದುಕೊಂಡು ಬಂದು ಪೇಪರ್ ಎಲ್ಲಿ ಅಂದ.

"ಅರ್ಧ ಬಲ ತೋಳಲ್ಲಿದೆ, ಅರ್ಧ ಎಡ ತೋಳಲ್ಲಿದೆ. ಜೋಡಿಸ್ಕೊಂಡು ಓದ್ಕೊ" ಅಂದೆ.